ಶಿಬಿರ ಮುಚ್ಚಿದ ಮೇಲೆ ಶುರುವಾಗುವ ನೋವು

ಕತ್ರಿನಾ ಚಂಡಮಾರುತ 2005ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ದಕ್ಷಿಣ ಕರಾವಳಿಗೆ ಬಡಿಯಿತು. ಅದರಲ್ಲಿ ಬದುಕುಳಿದವರ ಮನಃಸ್ಥಿತಿಯನ್ನು ಸಂಶೋಧಕರ ತಂಡವೊಂದು ಎರಡು ಸಲ ಅಳೆಯಿತು. ಮೊದಲನೆಯದು ಅನಾಹುತವಾಗಿ ಐದರಿಂದ ಎಂಟು ತಿಂಗಳಾಗಿದ್ದಾಗ, ಎರಡನೆಯದು ಆ ಮೊದಲ ಸಮೀಕ್ಷೆಯಾದ ಸುಮಾರು ಒಂದು ವರ್ಷಕ್ಕೆ. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ವೈದ್ಯರು ಪಿಟಿಎಸ್‌ಡಿ ಎನ್ನುವ ಸ್ಥಿತಿ, ಮೊದಲ ಸಮೀಕ್ಷೆಯಲ್ಲಿ ಶೇ. 14.9 ಮಂದಿಯಲ್ಲಿ ಕಂಡಿತ್ತು, ಎರಡನೆಯದರಲ್ಲಿ ಶೇ. 20.9 ಮಂದಿಯಲ್ಲಿ. ಆತ್ಮಹತ್ಯೆಯ ಯೋಚನೆ ಬರುತ್ತಿದೆ ಎಂದವರ ಪ್ರಮಾಣ ಶೇ. 2.8ರಿಂದ 6.4ಕ್ಕೆ ಏರಿತ್ತು.

ಕಾಲ ಕಳೆದಂತೆ ಇಳಿಯಬೇಕಾದ ಅಂಕಿ ಏರಿದ್ದೇಕೆ? ಬಿರುಗಾಳಿ ಮತ್ತೆ ಬಂದಿರಲಿಲ್ಲ. ಆದರೆ ಮನೆ ಕಟ್ಟಿ ಮುಗಿದಿರಲಿಲ್ಲ, ವಿಮೆಯ ತಕರಾರು ಬಗೆಹರಿದಿರಲಿಲ್ಲ, ಕೆಲಸ ಸಿಕ್ಕಿರಲಿಲ್ಲ, ಊರು ಬಿಟ್ಟ ನೆರೆಯವರು ವಾಪಸಾಗಿರಲಿಲ್ಲ. ಏರಿಕೆಯ ದೊಡ್ಡ ಪಾಲನ್ನು ಸಂಶೋಧಕರು ಇಂಥ ಬಗೆಹರಿಯದ ಕಷ್ಟಗಳಿಗೇ ತಳುಕು ಹಾಕಿದರು. ನ್ಯೂ ಆರ್ಲಿಯನ್ಸ್‌ನ ಬಡ ತಾಯಂದಿರನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ, ಹನ್ನೆರಡು ವರ್ಷ ಕಳೆದ ಮೇಲೂ ಆರರಲ್ಲಿ ಒಬ್ಬರಿಗೆ ಆಘಾತದ ಲಕ್ಷಣಗಳು ಉಳಿದಿದ್ದವು.

ಪರಿಹಾರ ವ್ಯವಸ್ಥೆ ನಡೆಯುವುದು ಬೇರೊಂದು ಲೆಕ್ಕದಲ್ಲಿ. ಮೊದಲ ವಾರ ಎಲ್ಲರೂ ಬರುತ್ತಾರೆ: ಸೇನೆ, ವೈದ್ಯರು, ಮಂತ್ರಿಗಳು, ಕ್ಯಾಮೆರಾಗಳು, ಈಚೆಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಆಪ್ತಸಮಾಲೋಚಕರು ಕೂಡ. ಮೂರು ತಿಂಗಳಿಗೆ ಅರ್ಧ ಮಂದಿ ಹೋಗಿರುತ್ತಾರೆ, ಆರು ತಿಂಗಳಿಗೆ ಯೋಜನೆಯ ಹಣ ಮುಗಿದಿರುತ್ತದೆ. ಮನಸ್ಸಿಗೆ ನಿಜವಾದ ಪೆಟ್ಟು ಬೀಳುವ ಹೊತ್ತಿಗೆ ಕೇಳುವ ಕಿವಿಗಳು ಹತ್ತಿರ ಇರುವುದಿಲ್ಲ. ವಿಕೋಪದ ನಂತರದ ಮಾನಸಿಕ ಆರೋಗ್ಯ ಸೇವೆಯ ಮುಖ್ಯ ದೋಷ ಇದೇ ಎಂದು ನನಗನ್ನಿಸುತ್ತದೆ. ಮನೋವೈದ್ಯರ ಕೊರತೆಯ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದು ನಿಜವೂ ಹೌದು. ಆದರೆ ಇರುವ ಮಂದಿಯನ್ನೂ ನಾವು ತಪ್ಪು ಹೊತ್ತಿನಲ್ಲಿ, ತಪ್ಪು ಜಾಗದಲ್ಲಿ ನಿಲ್ಲಿಸುತ್ತಿದ್ದೇವೆ.

ಬದುಕುಳಿದವರೆಲ್ಲ ರೋಗಿಗಳಲ್ಲ

ಭೂಕಂಪವಾದ ಮರುವಾರ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಮಕ್ಕಳು ತಾಯಿಯ ಸೆರಗು ಬಿಡದಿರುವುದು, ‘ಅವರು ಸತ್ತರು, ನಾನೇಕೆ ಉಳಿದೆ’ ಎಂದು ಕೊರಗುವುದು ಕಾಯಿಲೆಗಳಲ್ಲ. ಅಪಾಯ ಕಂಡ ಮನಸ್ಸು ಇನ್ನೂ ಕಾವಲು ಕಾಯುತ್ತಿದೆ, ಅಷ್ಟೇ. ಪಿಟಿಎಸ್‌ಡಿ ಎಂದು ಹೆಸರಿಡಬೇಕಾದರೆ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದಿರಬೇಕು ಎಂಬುದು ರೋಗನಿರ್ಣಯದ ನಿಯಮ. ಹಾಗಿದ್ದೂ ಹತ್ತನೆಯ ದಿನವೇ ‘ಶಿಬಿರದ ಅರ್ಧದಷ್ಟು ಜನರಿಗೆ ಆಘಾತದ ಕಾಯಿಲೆ’ ಎಂಬ ಸುದ್ದಿ ಪ್ರಕಟವಾಗುತ್ತದೆ. ಪ್ರಶ್ನಾವಳಿ ಹಿಡಿದು ಬಂದವರು ಅದನ್ನು ತುಂಬಿಸಿಕೊಂಡು ಹೋದರು, ಜನರಿಗೆ ಸಿಕ್ಕಿದ್ದು ಒಂದು ಹಣೆಪಟ್ಟಿ.

ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಮುಂದಿಟ್ಟ ಅಂದಾಜು ಇಷ್ಟು ಗಾಬರಿ ಹುಟ್ಟಿಸುವಂಥದ್ದಲ್ಲ. ಸಾಮಾನ್ಯ ದಿನಗಳಲ್ಲಿ ಶೇ. 10ರಷ್ಟಿರುವ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಮಾನಸಿಕ ಕಾಯಿಲೆಗಳು ದೊಡ್ಡ ವಿಕೋಪದ ನಂತರ ಶೇ. 15ರಿಂದ 20ಕ್ಕೆ ಏರಬಹುದು. ತೀವ್ರ ಕಾಯಿಲೆಗಳು ಶೇ. 2-3ರಿಂದ 3-4ಕ್ಕೆ. ಅಂದರೆ ಹೆಚ್ಚಿನವರು ತಮ್ಮವರ ಆಸರೆಯಲ್ಲಿ, ಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ಇದು ಸಮಾಧಾನದ ಸಂಗತಿ. ಆದರೆ ಲಕ್ಷಾಂತರ ಜನ ಸಂತ್ರಸ್ತರಾದ ಕಡೆ ಶೇ. 1ರ ಏರಿಕೆ ಎಂದರೂ ಸಾವಿರಾರು ಮಂದಿ, ಮತ್ತು ಅವರನ್ನು ಉಳಿದವರ ನಡುವೆ ಗುರುತಿಸಲು ಸಮಯ ಬೇಕು. ಮೊದಲ ವಾರದ ಗದ್ದಲದಲ್ಲಿ ಯಾರಿಗೆ ಗಾಯ ಆರುತ್ತದೆ, ಯಾರಿಗೆ ಆರುವುದಿಲ್ಲ ಎಂದು ಹೇಳಲು ಆಗುವುದಿಲ್ಲ.

‘ಹೇಳಿಕೊಂಡರೆ ಹಗುರಾಗುತ್ತದೆ’ ಎಂಬ ನಂಬಿಕೆ

ಈ ಅವಸರ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಒಂದು ಇತಿಹಾಸವಿದೆ. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದ್ದ ಜೆಫ್ರಿ ಮಿಚೆಲ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ 1983ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಭೀಕರ ಘಟನೆಯನ್ನು ಎದುರಿಸಿ ಬಂದ ರಕ್ಷಣಾ ಸಿಬ್ಬಂದಿಯನ್ನು ಕೆಲವೇ ದಿನಗಳೊಳಗೆ ಗುಂಪಾಗಿ ಕೂರಿಸಿ, ಏನು ಕಂಡಿರಿ, ಏನನ್ನಿಸಿತು, ಯಾವುದು ಅತ್ಯಂತ ಕೆಟ್ಟ ಕ್ಷಣ ಎಂದು ಕ್ರಮವಾಗಿ ಹೇಳಿಸುವುದು ಅದರ ತಿರುಳು. ಒಟ್ಟಿಗೆ ದುಡಿಯುವ, ಪರಸ್ಪರ ಬಲ್ಲ, ತರಬೇತಿ ಪಡೆದ ಸಿಬ್ಬಂದಿಗಾಗಿ ಹುಟ್ಟಿದ ವಿಧಾನ ಅದು. ಆದರೆ ಕೆಲವೇ ವರ್ಷಗಳಲ್ಲಿ ಅಪಘಾತ, ಪ್ರವಾಹ, ಭೂಕಂಪ ಎನ್ನದೆ ಎಲ್ಲ ಸಂತ್ರಸ್ತರ ಮೇಲೂ ಅದನ್ನು ಪ್ರಯೋಗಿಸತೊಡಗಿದರು. ಒಂದೇ ಒಂದು ಬೈಠಕ್, ಅದರಲ್ಲೇ ಮನಸ್ಸು ಹಗುರ.

ಪರೀಕ್ಷೆಗೆ ಒಡ್ಡಿದಾಗ ಬೇರೆಯೇ ಚಿತ್ರ ಕಂಡಿತು. ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಮಾತುಕತೆಗೆ ಒಳಗಾದವರಲ್ಲಿ ಹದಿಮೂರು ತಿಂಗಳ ಬಳಿಕ ಶೇ. 26 ಮಂದಿಗೆ ಪಿಟಿಎಸ್‌ಡಿ ಇತ್ತು. ಯಾವ ಮಾತುಕತೆಯೂ ಇಲ್ಲದವರಲ್ಲಿ ಶೇ. 9 ಮಂದಿಗೆ ಮಾತ್ರ. ಮೊದಲ ಗುಂಪಿನವರ ಸುಟ್ಟಗಾಯಗಳೇ ಹೆಚ್ಚು ತೀವ್ರವಾಗಿದ್ದವು ಎಂಬುದನ್ನು ಮರೆಯಬಾರದು; ಈ ಒಂದು ಪ್ರಯೋಗದಿಂದಲೇ ‘ಮಾತು ಕೊಲ್ಲುತ್ತದೆ’ ಎಂದು ಕೂಗುವುದು ಅತಿಯಾದೀತು. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ, ಕಾಕ್ರನ್ ಎಂಬ ಸಂಶೋಧನಾ ಸಂಸ್ಥೆಯ ವಿಮರ್ಶೆಗೂ, ಒಂದೇ ಸಲದ ಈ ಮಾತುಕತೆ ಕಾಯಿಲೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಬಳಸಬೇಡಿ ಎಂದೇ ಹೇಳುತ್ತದೆ. ಆಘಾತವಾದ ಮೊದಲ ತಿಂಗಳಲ್ಲಿ ನಿದ್ದೆಗಾಗಿ, ಗಾಬರಿಗಾಗಿ ಡಯಾಜೆಪಾಮ್ ಜಾತಿಯ ಮಾತ್ರೆಗಳನ್ನು ಹಂಚುವುದಕ್ಕೂ ಅದರ ಮಾರ್ಗಸೂಚಿಯಲ್ಲಿ ಒಪ್ಪಿಗೆಯಿಲ್ಲ.

ಆ ಜಾಗಕ್ಕೆ ಬಂದದ್ದು ‘ಮಾನಸಿಕ ಪ್ರಥಮ ಚಿಕಿತ್ಸೆ’. ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು 2011ರಲ್ಲಿ ಹೊರತಂದ ಕೈಪಿಡಿ ಅದನ್ನು ಮೂರು ಕೆಲಸಗಳಿಗೆ ಇಳಿಸಿತು: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ಸುರಕ್ಷಿತವೇ ಎಂದು ನೋಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಮನೆಯವರೊಂದಿಗೆ, ಮಾಹಿತಿಯೊಂದಿಗೆ, ಔಷಧದೊಂದಿಗೆ, ಇರಲು ಜಾಗದೊಂದಿಗೆ ಜೋಡಿಸಿ. ಇದಕ್ಕೆ ಮನಶ್ಶಾಸ್ತ್ರದ ಪದವಿ ಬೇಡ. ಶಿಕ್ಷಕರು, ಪೊಲೀಸರು, ಸ್ವಯಂಸೇವಕರು ಯಾರು ಬೇಕಾದರೂ ಕಲಿಯಬಹುದು. ಇದರ ಪರಿಣಾಮವನ್ನು ಗಟ್ಟಿಯಾಗಿ ಸಾಬೀತುಪಡಿಸಿದ ಪ್ರಯೋಗಗಳು ಕಡಿಮೆ ಎಂಬುದೂ ನಿಜ. ಅನುಭವಿಗಳ ಒಮ್ಮತದ ಮೇಲೆ ನಿಂತ ಸಲಹೆ ಇದು. ಆದರೂ ನಾನು ಇದರ ಪರ. ಕನಿಷ್ಠ ಪಕ್ಷ ಇದು ಯಾರ ಗಾಯವನ್ನೂ ಕೆರೆಯುವುದಿಲ್ಲ, ಮತ್ತು ಸಹಾಯ ಮಾಡುವವರ ಕೈಗೆ ಮಾಡಲು ಒಂದು ಕೆಲಸ ಕೊಡುತ್ತದೆ. ಮಗ ಯಾವ ಆಸ್ಪತ್ರೆಯಲ್ಲಿದ್ದಾನೆ ಎಂದು ತಿಳಿಯದೆ ಅಲೆಯುತ್ತಿರುವ ತಾಯಿಯ ಮುಂದೆ ಕುಳಿತು ‘ನಿಮಗೆ ಈಗ ಏನನ್ನಿಸುತ್ತಿದೆ’ ಎಂದು ಕೇಳುವುದಕ್ಕಿಂತ, ನಾಲ್ಕು ಕಡೆ ಫೋನ್ ಮಾಡಿ ಅವನನ್ನು ಪತ್ತೆ ಹಚ್ಚಿಕೊಡುವುದು ಮೇಲು.

ಮನೆ ಹಂಚುವ ಅಧಿಕಾರಿಯೂ ಮನೋಚಿಕಿತ್ಸಕ

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ದೊಡ್ಡ ನೆರವಿನ ಸಂಸ್ಥೆಗಳು ಸೇರಿದ ಸ್ಥಾಯಿ ಸಮಿತಿಯೊಂದು 2007ರಲ್ಲಿ ತುರ್ತು ಸನ್ನಿವೇಶಗಳ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ನೆರವನ್ನು ನಾಲ್ಕು ಪದರಗಳ ಪಿರಮಿಡ್ಡಿನಂತೆ ಚಿತ್ರಿಸಲಾಗಿದೆ. ತುದಿಯಲ್ಲಿ ಮನೋವೈದ್ಯರ ಸೇವೆ, ಅದರ ಕೆಳಗೆ ತರಬೇತಾದ ಕಾರ್ಯಕರ್ತರ ನೆರವು, ಅದರ ಕೆಳಗೆ ಕುಟುಂಬ ಮತ್ತು ಸಮುದಾಯದ ಆಸರೆ. ಎಲ್ಲಕ್ಕೂ ಬುಡದಲ್ಲಿರುವುದು ಊಟ, ನೀರು, ಸೂರು, ಸುರಕ್ಷತೆಗಳನ್ನು ಮಾನ ಕಾಯುವ ರೀತಿಯಲ್ಲಿ ಒದಗಿಸುವುದು. ಈ ಬುಡದ ಪದರವನ್ನು ಹೆಚ್ಚಿನವರು ಓದಿ ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ದಾಖಲೆಯಲ್ಲಿ ಅತ್ಯಂತ ಕ್ರಾಂತಿಕಾರಿ ಮಾತು ಅದೇ. ಅಲ್ಲಿ ಕೆಲಸ ಮಾಡುವವರು ಎಂಜಿನಿಯರುಗಳು, ಕಂದಾಯ ನೌಕರರು, ಮನೆ ಹಂಚಿಕೆಯ ಅಧಿಕಾರಿಗಳು. ತಾವು ಯಾರದೋ ಮಾನಸಿಕ ಆರೋಗ್ಯವನ್ನು ನಿರ್ಧರಿಸುತ್ತಿದ್ದೇವೆ ಎಂಬ ಅರಿವು ಅವರಿಗೆ ಇರುವುದಿಲ್ಲ.

ಜಪಾನಿನ ಕೋಬೆ ನಗರದ ಉದಾಹರಣೆ ನೋಡಬೇಕು. 1995ರ ಜನವರಿ 17ರ ಭೂಕಂಪದಲ್ಲಿ ಅಲ್ಲಿ ಮತ್ತು ಸುತ್ತಮುತ್ತ 6,400ಕ್ಕೂ ಹೆಚ್ಚು ಜನ ಸತ್ತರು. ಉಳಿದವರಿಗೆ ತಾತ್ಕಾಲಿಕ ಮನೆ ಕೊಡುವಾಗ ಸರ್ಕಾರ ಅತ್ಯಂತ ನ್ಯಾಯವಾಗಿ ನಡೆದುಕೊಳ್ಳಲು ಯತ್ನಿಸಿತು. ಲಾಟರಿ ಎತ್ತಿತು, ವೃದ್ಧರಿಗೆ, ಅಂಗವಿಕಲರಿಗೆ ಮೊದಲ ಆದ್ಯತೆ ಕೊಟ್ಟಿತು. ಇದರಲ್ಲಿ ತಪ್ಪೇನು? ದಶಕಗಳಿಂದ ಒಂದೇ ಬೀದಿಯಲ್ಲಿದ್ದ ಮುದುಕ ಮುದುಕಿಯರು ನಗರದಂಚಿನ ಅಪರಿಚಿತ ಸಾಲುಮನೆಗಳಲ್ಲಿ ಚೆಲ್ಲಿಹೋದರು. ಅಕ್ಕಪಕ್ಕದಲ್ಲಿ ಬಂದವರೂ ಅವರಂತೆಯೇ ವಯಸ್ಸಾದವರು, ಗುರುತಿಲ್ಲದವರು. ಮುಂದಿನ ವರ್ಷಗಳಲ್ಲಿ ಆ ತಾತ್ಕಾಲಿಕ ಮನೆಗಳಲ್ಲಿ ಯಾರಿಗೂ ಗೊತ್ತಾಗದಂತೆ ಒಂಟಿಯಾಗಿ ಸತ್ತು ಬಿದ್ದಿದ್ದವರ ಸಂಖ್ಯೆ ಇನ್ನೂರನ್ನು ದಾಟಿತು. ಅವರಲ್ಲಿ ಅನೇಕರು ಕುಡಿತಕ್ಕೆ ಬಿದ್ದ ಮಧ್ಯವಯಸ್ಸಿನ ಗಂಡಸರು.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ, ಅದೇ ದೇಶದ ಇವಾನುಮಾ ಎಂಬ ಪಟ್ಟಣದಲ್ಲಿ ಬೇರೆ ಹಾದಿ ಕಂಡಿತು. ಕೆಲವು ಬಡಾವಣೆಗಳ ಜನ ಇಡಿಯಾಗಿ ಗುಂಪುಗುಂಪಾಗಿ ಹೊಸ ಜಾಗಕ್ಕೆ ಹೋದರು. ಇನ್ನು ಕೆಲವರು ಲಾಟರಿಯ ಮೂಲಕವೋ ತಾವಾಗಿಯೋ ಒಬ್ಬೊಬ್ಬರೇ ಹೋದರು. ಅಲ್ಲಿನ ಹಿರಿಯರನ್ನು ಸುನಾಮಿಗೆ ಏಳು ತಿಂಗಳ ಮೊದಲೇ ಒಂದು ಅಧ್ಯಯನಕ್ಕಾಗಿ ಸಮೀಕ್ಷೆ ಮಾಡಲಾಗಿತ್ತು. ವಿಕೋಪ ಸಂಶೋಧನೆಯಲ್ಲಿ ‘ಮೊದಲು ಹೇಗಿದ್ದರು’ ಎಂಬ ಮಾಹಿತಿ ಸಿಗುವುದು ತೀರ ಅಪರೂಪ. ಮತ್ತೆ ಹೋಗಿ ನೋಡಿದಾಗ, ಗುಂಪಾಗಿ ಹೋದವರಲ್ಲಿ ನೆರೆಹೊರೆಯ ಒಡನಾಟ ಹೆಚ್ಚಿತ್ತು, ಒಬ್ಬೊಬ್ಬರಾಗಿ ಹೋದವರಲ್ಲಿ ಕುಗ್ಗಿತ್ತು. ಮನೆಗಳ ಗುಣಮಟ್ಟದ ಪ್ರಶ್ನೆ ಇದಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಎದುರಿಗೆ ಯಾರ ಮುಖ ಕಾಣುತ್ತದೆ ಎಂಬುದು ಪ್ರಶ್ನೆ. ಪುನರ್ವಸತಿಯ ಯೋಜನೆಯಲ್ಲಿ ಚದರಡಿಗೆ ಒಂದು ಕಾಲಂ ಇರುತ್ತದೆ, ಇದಕ್ಕೆ ಇರುವುದಿಲ್ಲ.

ಶವಗಳ ವಿಷಯವೂ ಹೀಗೆಯೇ, ಅದರ ಬಗ್ಗೆ ಮಾತಾಡಲು ಯಾರಿಗೂ ಇಷ್ಟವಿಲ್ಲದಿದ್ದರೂ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹಿಂದೂ ಮಹಾಸಾಗರದ ಸುತ್ತ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಹತ್ತಾರು ಸಾವಿರ ದೇಹಗಳು ಗುರುತು ಹಿಡಿಯುವ ಮೊದಲೇ ಸಾಮೂಹಿಕ ಗುಂಡಿ ಸೇರಿದವು. ಹೆಣಗಳಿಂದ ರೋಗ ಹರಡುತ್ತದೆ ಎಂಬ ಭಯ ಪ್ರತಿ ವಿಕೋಪದಲ್ಲೂ ಇಂಥ ಅವಸರಕ್ಕೆ ಕಾರಣವಾಗುತ್ತದೆ. ಆದರೆ ಪ್ರಕೃತಿ ವಿಕೋಪದಲ್ಲಿ ಸತ್ತವರು ಸಾಯುವುದು ಪೆಟ್ಟಿನಿಂದ, ಮುಳುಗಿ, ಸುಟ್ಟು; ಸಾಂಕ್ರಾಮಿಕದಿಂದಲ್ಲ. ಅವರ ದೇಹಗಳು ಸಾಮಾನ್ಯವಾಗಿ ಸಾಂಕ್ರಾಮಿಕ ರೋಗ ಹಬ್ಬಿಸುವುದಿಲ್ಲ ಎಂದು ಶವ ನಿರ್ವಹಣೆಯ ಅಂತರರಾಷ್ಟ್ರೀಯ ಕೈಪಿಡಿ 2006ರಲ್ಲೇ ಸ್ಪಷ್ಟಪಡಿಸಿದೆ. ಪ್ರತಿ ದೇಹಕ್ಕೂ ಸಂಖ್ಯೆ ಕೊಡಿ, ಫೋಟೊ ತೆಗೆಯಿರಿ, ಸಿಕ್ಕ ಜಾಗ ಬರೆದಿಡಿ, ನಂತರವಷ್ಟೇ ಹೂಳಿ ಎಂಬುದು ಅದರ ಸಲಹೆ.

ಇದು ಕೇವಲ ದಾಖಲೆಯ ಶಿಸ್ತಲ್ಲ. ಸಾವು ಖಚಿತವಾಗದಿದ್ದಾಗ ದುಃಖಕ್ಕೆ ಆರಂಭವೇ ಸಿಗುವುದಿಲ್ಲ. ಇಂಥ ‘ಅಸ್ಪಷ್ಟ ನಷ್ಟ’ವನ್ನು ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅತ್ತರೆ ಅವನನ್ನು ನಾನೇ ಕೊಂದಂತೆ, ಅಳದಿದ್ದರೆ ಮನಸ್ಸಿಲ್ಲದವಳಂತೆ ಎಂಬ ಇಕ್ಕಟ್ಟಿನಲ್ಲಿ ಮನೆಯವರು ಸಿಲುಕುತ್ತಾರೆ. ಇದರ ಮೇಲೆ, ದೇಹ ಸಿಗದಿದ್ದರೆ ಮರಣ ಪ್ರಮಾಣಪತ್ರವಿಲ್ಲ, ಅದಿಲ್ಲದಿದ್ದರೆ ಪರಿಹಾರವಿಲ್ಲ, ಬ್ಯಾಂಕ್ ಖಾತೆ ಕೈಗೆ ಬರುವುದಿಲ್ಲ. ಗುಮಾಸ್ತರೊಬ್ಬರ ಎದುರು ನಿಂತು ಗಂಡ ಸತ್ತಿದ್ದಾನೆ ಎಂದು ಮತ್ತೆ ಮತ್ತೆ ವಾದಿಸಿ ಗೆಲ್ಲಬೇಕಾದ ಹೆಣ್ಣಿಗೆ ಯಾವ ಆಪ್ತಸಮಾಲೋಚನೆ ಸಾಕಾಗುತ್ತದೆ? ಕಾಣೆಯಾದವರ ಪ್ರಮಾಣಪತ್ರದ ನಿಯಮವನ್ನು ಸಡಿಲಿಸುವ ಒಂದು ಆದೇಶ ಅಂಥ ಕುಟುಂಬಗಳಿಗೆ ನೂರು ಮನೋಚಿಕಿತ್ಸಕರಿಗಿಂತ ದೊಡ್ಡ ಉಪಕಾರ ಮಾಡಬಲ್ಲದು.

ಲೆಕ್ಕಕ್ಕೆ ಬಾರದವರು

ವಿಕೋಪದಿಂದ ಹುಟ್ಟಿದ ಕಾಯಿಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವಿಕೋಪಕ್ಕೆ ಮೊದಲೇ ಕಾಯಿಲೆಯಿದ್ದವರು ಮರೆತುಹೋಗುತ್ತಾರೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ ವ್ಯಕ್ತಿಯ ಮಾತ್ರೆಗಳು ನೀರಿನಲ್ಲಿ ಕೊಚ್ಚಿಹೋಗಿವೆ, ಬರೆದುಕೊಡುವ ವೈದ್ಯರ ಆಸ್ಪತ್ರೆ ಕುಸಿದಿದೆ, ನೋಡಿಕೊಳ್ಳುತ್ತಿದ್ದ ತಾಯಿ ಬದುಕಿಲ್ಲ. ಕೆಲವೇ ವಾರಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ನೂರು ಜನರಿರುವ ಹಾಲ್‌ನಲ್ಲಿ ಅವನು ಕಿರುಚಿದಾಗ ಉಳಿದವರು ಹೊರಗೆ ಹಾಕಿ ಎನ್ನುತ್ತಾರೆ. ಮೂರ್ಛೆರೋಗದವರ ಪಾಡೂ ಇಷ್ಟೇ. ಶಿಬಿರದ ಔಷಧ ಪೆಟ್ಟಿಗೆಯಲ್ಲಿ ನಾಲ್ಕಾರು ಮೂಲಭೂತ ಮನೋವೈದ್ಯಕೀಯ ಮತ್ತು ಮೂರ್ಛೆಯ ಔಷಧಗಳಿದ್ದರೆ ಇದನ್ನು ತಡೆಯಬಹುದು, ಅವು ದುಬಾರಿಯೂ ಅಲ್ಲ.

ಸ್ಥಳಾಂತರದಲ್ಲೇ ಪ್ರಾಣ ಹೋದದ್ದೂ ಉಂಟು. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ಹತ್ತಿರವಿದ್ದ ಒಂದು ಮನೋರೋಗ ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ವೃದ್ಧರ ಆರೈಕೆ ಕೇಂದ್ರದ 40ಕ್ಕೂ ಹೆಚ್ಚು ಮಂದಿ ಸತ್ತದ್ದು ವಿಕಿರಣದಿಂದಲ್ಲ, ಆರೈಕೆಯಿಲ್ಲದ ದೀರ್ಘ ಬಸ್ ಪ್ರಯಾಣ ಮತ್ತು ಅವ್ಯವಸ್ಥೆಯ ತೆರವಿನಿಂದ. ಆ ಅನುಭವದ ನಂತರ ಜಪಾನ್ 2013ರಲ್ಲಿ ವಿಕೋಪಕ್ಕೆಂದೇ ಮನೋವೈದ್ಯಕೀಯ ತಂಡಗಳ ವ್ಯವಸ್ಥೆ ರೂಪಿಸಿತು. ಬಾಧಿತ ಮನೋರೋಗ ಆಸ್ಪತ್ರೆಗಳ ಕೈ ಹಿಡಿಯುವುದು ಅವುಗಳ ಮುಖ್ಯ ಕೆಲಸಗಳಲ್ಲಿ ಒಂದು.

ಇನ್ನೊಂದು ಗುಂಪು ನೆರವು ಕೊಡುವವರದೇ. ಊರಿನ ಆರೋಗ್ಯ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಶವ ಎತ್ತಿದ ಯುವಕರು ತಾವೂ ಮನೆ ಕಳೆದುಕೊಂಡವರು. ಸಂಬಳದ ಕೆಲಸವಿರುವ ಕಾರಣಕ್ಕೆ ಅವರು ಸಂತ್ರಸ್ತರ ಪಟ್ಟಿಯಿಂದ ಜಾರುತ್ತಾರೆ.

ಯಾರು ಮಾತಾಡಿಸಬೇಕು?

ಸರಿಯಾದ ಹೊತ್ತು ಬಂದಾಗ, ಅಂದರೆ ತಿಂಗಳುಗಳ ನಂತರವೂ ನೋವು ಇಳಿಯದವರು ಯಾರೆಂದು ಗೊತ್ತಾದಾಗ, ಮಾತಿನ ಚಿಕಿತ್ಸೆಗೆ ನಿಜವಾದ ಬೆಲೆಯಿದೆ. ಮೇಲೆ ಟೀಕಿಸಿದ್ದು ಅವಸರದ ಒಂದು ಬೈಠಕ್ಕನ್ನು ಮಾತ್ರ. ಆಘಾತವನ್ನೇ ಕೇಂದ್ರವಾಗಿಟ್ಟು ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ ಪಿಟಿಎಸ್‌ಡಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ನುರಿತವರು ಬೇಕು, ಅವರು ದೊಡ್ಡ ನಗರಗಳಲ್ಲಿರುತ್ತಾರೆ. ಈ ಕಂದರವನ್ನು ತುಂಬಲು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ‘ಸಮಸ್ಯೆ ನಿರ್ವಹಣೆ ಪ್ಲಸ್’ ಎಂಬ ಕಾರ್ಯಕ್ರಮವನ್ನು ಬಿಡುಗಡೆ ಮಾಡಿತು. ವಾರಕ್ಕೊಂದರಂತೆ ಐದು ಭೇಟಿ. ನಡೆಸುವವರು ಕೆಲವು ದಿನಗಳ ತರಬೇತಿ ಪಡೆದ ಸ್ಥಳೀಯರು. ಕಲಿಸುವುದು ನಾಲ್ಕು ವಿಷಯ: ಉಸಿರಾಟದಿಂದ ಒತ್ತಡ ತಗ್ಗಿಸುವುದು, ಬಗೆಹರಿಸಬಹುದಾದ ಸಮಸ್ಯೆಯನ್ನು ಬೇರ್ಪಡಿಸಿ ನಿಭಾಯಿಸುವುದು, ಬಿಟ್ಟುಹೋದ ದಿನಚರಿಗೆ ಮರಳುವುದು, ಬಂಧುಮಿತ್ರರ ಆಸರೆಯನ್ನು ಗಟ್ಟಿಮಾಡಿಕೊಳ್ಳುವುದು. ಪಾಕಿಸ್ತಾನದ ಪೆಶಾವರದಲ್ಲಿ ಹಿಂಸೆಯಿಂದ ನಲುಗಿದವರ ನಡುವೆ ನಡೆದ ಪ್ರಯೋಗದಲ್ಲಿ ಇದು ಆತಂಕ ಮತ್ತು ಖಿನ್ನತೆ ಎರಡನ್ನೂ ತಗ್ಗಿಸಿತು. ಭೂಕಂಪ, ಪ್ರವಾಹದ ಊರುಗಳಿಗೂ ಇದೇ ಮಾದರಿ ಹೊಂದುತ್ತದೆ, ಏಕೆಂದರೆ ಇದು ಗತಿಸಿದ ಘಟನೆಗಿಂತ ಇಂದಿನ ಕಷ್ಟಗಳನ್ನು ಹಿಡಿದು ಹೊರಡುತ್ತದೆ.

ಸ್ಥಳೀಯರೇ ಆಗಬೇಕೆನ್ನಲು ಹಣದ ಉಳಿತಾಯವೊಂದೇ ಕಾರಣವಲ್ಲ. ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವವರು ಕಡಿಮೆ. ಎದೆ ಭಾರ, ತಲೆನೋವು, ಕೈಕಾಲು ಸೆಳೆತ, ಹೊಟ್ಟೆ ಸಂಕಟ ಎನ್ನುತ್ತಾ ಸಾಮಾನ್ಯ ವೈದ್ಯರ ಬಳಿಗೆ ಬರುತ್ತಾರೆ. ನೋವಿನ ಮಾತ್ರೆ ಪಡೆದು ಹೋಗುತ್ತಾರೆ, ಮತ್ತೆ ಬರುತ್ತಾರೆ. ಈ ಮಾತುಗಳ ಹಿಂದೆ ಏನಿದೆ ಎಂಬುದು ಅದೇ ನುಡಿಯಾಡುವವರಿಗೆ ಹೊಳೆಯುವಷ್ಟು ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತ ಪರಊರಿನ ತಜ್ಞರಿಗೆ ಹೊಳೆಯುವುದಿಲ್ಲ.

ಅಚೆಯಲ್ಲಿ ಸುನಾಮಿಗೆ ಮೊದಲು ಸುಮಾರು 40 ಲಕ್ಷ ಜನರಿಗೆ ಇದ್ದದ್ದು ಒಂದೇ ಮನೋರೋಗ ಆಸ್ಪತ್ರೆ. ಸುನಾಮಿಯ ನಂತರ ಹರಿದುಬಂದ ಹಣದಲ್ಲಿ ಒಂದಿಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾದಿಯರ ತರಬೇತಿಗೆ, ಜಿಲ್ಲಾ ಆಸ್ಪತ್ರೆಗಳ ಸೇವೆಗೆ ತೊಡಗಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಲೆಕ್ಕ ಹಾಕುವಾಗ ಅಲ್ಲಿನ 23 ಜಿಲ್ಲೆಗಳ ಪೈಕಿ 13ರಲ್ಲಿ ಮಾನಸಿಕ ಆರೋಗ್ಯಕ್ಕೆ ಪ್ರತ್ಯೇಕ ಬಜೆಟ್ ಇತ್ತು. ಹತ್ತು ವರ್ಷದ ಹಿಂದೆ ಒಂದರಲ್ಲೂ ಇರಲಿಲ್ಲ. ಶ್ರೀಲಂಕಾದಲ್ಲಿ ಸುನಾಮಿಗೆ ಮೊದಲು 10 ಜಿಲ್ಲೆಗಳಲ್ಲಿದ್ದ ಸೇವೆ 27ರ ಪೈಕಿ 20ಕ್ಕೆ ಹಬ್ಬಿತು. ಎರಡೂ ಕಡೆ ಆದದ್ದು ಒಂದೇ: ಆಘಾತಕ್ಕೆಂದೇ ಪ್ರತ್ಯೇಕ ಶಿಬಿರ ಹೂಡಿ ಎದ್ದುಹೋಗುವ ಬದಲು, ವಿಕೋಪವಿಲ್ಲದ ದಿನಗಳಲ್ಲೂ ನಡೆಯುವ ಸೇವೆಗೆ ಹಣ ಹೋಯಿತು.

ಎರಡನೆಯ ವರ್ಷದಲ್ಲಿ ಸಂತ್ರಸ್ತರು ಎಲ್ಲಿ ಸಿಗುತ್ತಾರೆ ಎಂದು ಯೋಜನೆ ಮಾಡುವವರು ಕೇಳಿಕೊಳ್ಳಬೇಕು. ಆಗ ಶಿಬಿರವಿರುವುದಿಲ್ಲ. ಅವರು ಸಿಗುವುದು ಪರಿಹಾರದ ಕಚೇರಿಯ ಸರದಿಯಲ್ಲಿ, ಮಕ್ಕಳ ಶಾಲೆಯಲ್ಲಿ, ನೋವಿನ ಮಾತ್ರೆ ಕೊಡುವ ಚಿಕಿತ್ಸಾಲಯದಲ್ಲಿ. ಈ ಮೂರು ಜಾಗಗಳಲ್ಲಿ ಕೂತಿರುವವರಿಗೆ ನಿದ್ದೆ, ಊಟ, ಕುಡಿತ, ಸಾಯುವ ಯೋಚನೆಗಳ ಬಗ್ಗೆ ನಾಲ್ಕು ಪ್ರಶ್ನೆ ಕೇಳಲು ಕಲಿಸಿ, ಹೌದೆಂದವರನ್ನು ಎಲ್ಲಿಗೆ ಕಳುಹಿಸಬೇಕೆಂಬ ವಿಳಾಸ ಕೊಡಬಹುದು. ಮೊದಲ ವಾರಕ್ಕೆ ಎತ್ತಿಟ್ಟ ಮಾನಸಿಕ ಆರೋಗ್ಯದ ಹಣದಲ್ಲಿ ಅರ್ಧವನ್ನು ಹದಿನೆಂಟನೆಯ ತಿಂಗಳಿಗೆ ಕಾದಿರಿಸಿ, ಅದಕ್ಕೆ ಮೊದಲು ಖರ್ಚು ಮಾಡಕೂಡದು ಎಂದು ಮಂಜೂರಾತಿ ಆದೇಶದಲ್ಲೇ ಬರೆದರೆ ಇದು ನಡೆಯುತ್ತದೆ.